ಕೊಂಬೆ ಮುರಿದ ದೇಹ: ಸಸ್ಯರೂಪಿ ನಾಯಕನ ವಿಕಾಸ ಮತ್ತು ಕನ್ನಡದ ಹೂಮರದ ಕತೆ

ಮನುಷ್ಯ ಸಸ್ಯವಾಗುವ ಕಲ್ಪನೆ ಇಪ್ಪತ್ತನೆಯ ಶತಮಾನದಲ್ಲಿ ಎರಡು ದಾರಿ ಹಿಡಿಯಿತು. ಅಮೆರಿಕದ ಕಾಮಿಕ್ಸ್‌ನಲ್ಲಿ ಅದು ಜೌಗು ನೆಲದಿಂದ ಎದ್ದುಬಂದ ವಿಕಾರರೂಪಿ ನಾಯಕನಾಯಿತು. ಕರ್ನಾಟಕದಲ್ಲಿ ಹೆಂಗಸರ ಬಾಯಲ್ಲಿ ಉಳಿದುಬಂದ ಹೂಮರದ ಹುಡುಗಿಯ ಕತೆ ಸಂಗ್ರಹ, ಸಿನಿಮಾ, ಒಪೆರಾಗಳಿಗೆ ಹರಡಿತು. ಕಾಮಿಕ್ಸ್ ಪರಂಪರೆ ಸಸ್ಯದೇಹಿಯ ಗುರುತು ಏನೆಂದು ಕೇಳುತ್ತಾ ಬೆಳೆದರೆ, ಕನ್ನಡದ ಕತೆ ಆ ದೇಹವನ್ನು ಮುಟ್ಟುವವರ ಹೊಣೆ ಏನೆಂದು ಕೇಳುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಜೌಗಿನ ದೈತ್ಯರು: 1940ರಿಂದ 1986

ಈ ಪರಂಪರೆಯ ಬೇರು ಥಿಯೋಡೋರ್ ಸ್ಟರ್ಜನ್ 1940ರಲ್ಲಿ ಬರೆದ ‘ಇಟ್’ ಕತೆಯಲ್ಲಿದೆ. ಅಲ್ಲಿ ಕಾಡಿನಲ್ಲಿ ಬಿದ್ದ ಅಸ್ಥಿಪಂಜರದ ಸುತ್ತ ಕೊಳೆತ ಸಸ್ಯರಾಶಿ ಜೀವ ತಳೆಯುತ್ತದೆ. 1942ರಲ್ಲಿ ‘ಏರ್ ಫೈಟರ್ಸ್ ಕಾಮಿಕ್ಸ್’ನ ಮೂರನೆಯ ಸಂಚಿಕೆಯಲ್ಲಿ ಬಂದ ‘ದಿ ಹೀಪ್’, ಮೊದಲ ಮಹಾಯುದ್ಧದಲ್ಲಿ ಪೋಲೆಂಡಿನ ಜೌಗಿಗೆ ಬಿದ್ದ ಜರ್ಮನ್ ವೈಮಾನಿಕನ ಅವಶೇಷ. 1971ರಲ್ಲಿ ಎರಡು ಪ್ರಕಾಶನ ಸಂಸ್ಥೆಗಳು ಒಂದೇ ಬಗೆಯ ಪಾತ್ರವನ್ನು ಹೊರತಂದವು: ಮಾರ್ವೆಲ್‌ನ ‘ಮ್ಯಾನ್-ಥಿಂಗ್’ ಮತ್ತು ಡಿಸಿಯ ‘ಸ್ವಾಂಪ್ ಥಿಂಗ್’. ಎರಡನೆಯದನ್ನು ಲೆನ್ ವೀನ್ ಬರೆದರು, ಬರ್ನಿ ರೈಟ್‌ಸನ್ ಚಿತ್ರಿಸಿದರು. ಅದು 1972ರಲ್ಲಿ ಸ್ವತಂತ್ರ ಮಾಲಿಕೆಯಾದಾಗ ಲೂಯಿಸಿಯಾನದ ಜೌಗಿನಲ್ಲಿ ಸಂಶೋಧನೆ ನಡೆಸುತ್ತಿದ್ದ ವಿಜ್ಞಾನಿ ಅಲೆಕ್ ಹಾಲೆಂಡ್ ಕಥಾನಾಯಕನಾದ. ಸಸ್ಯದೈತ್ಯನಾದ ಮೇಲೆ ಮತ್ತೆ ಮನುಷ್ಯನಾಗಬೇಕೆಂಬುದೇ ಅವನ ಹಂಬಲ.

ಆ ಹಂಬಲವನ್ನು ಬುಡಮೇಲು ಮಾಡಿದ್ದು ಮುಂದೆ ಈ ಪಾತ್ರದ ಕತೆ ಬರೆದ ಅಲನ್ ಮೂರ್. 1984ರ ‘ದಿ ಅನಾಟಮಿ ಲೆಸನ್’ ಸಂಚಿಕೆಯಲ್ಲಿ ಶವಪರೀಕ್ಷೆ ನಡೆದಾಗ ಆ ದೇಹದೊಳಗಿನ ಶ್ವಾಸಕೋಶ, ಹೃದಯಗಳು ಕೆಲಸಕ್ಕೆ ಬಾರದ ಸಸ್ಯದ ಅಣಕುಗಳೆಂದು ತಿಳಿಯುತ್ತದೆ. ಹಾಲೆಂಡ್ ಸತ್ತಿದ್ದಾನೆ, ಅವನ ನೆನಪುಗಳನ್ನು ಹೀರಿಕೊಂಡ ಸಸ್ಯ ತಾನೇ ಹಾಲೆಂಡ್ ಎಂದು ನಂಬಿಕೊಂಡಿದೆ. ಹಿಂತಿರುಗಲು ಮನುಷ್ಯದೇಹವೇ ಇಲ್ಲವೆಂದಾದ ಮೇಲೆ ಆ ಪಾತ್ರ ಸಸ್ಯಲೋಕದ ಕಡೆಗೆ ತಿರುಗಿ, 1986ರ ಹೊತ್ತಿಗೆ ಹಿಂದಿನ ಸಸ್ಯದೇಹಿಗಳು ಬೇರೂರಿ ನಿಂತ ‘ಮರಗಳ ಸಂಸತ್ತ’ನ್ನು ತಲುಪಿತು. ದೈತ್ಯ ಅಲ್ಲಿ ಹಸಿರಿನ ಕಾವಲುಗಾರನಾದ.

ಎರಡು ಬಿಂದಿಗೆ ನೀರು

ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಹಲವು ಪಾಠಾಂತರಗಳಲ್ಲಿ ಕಂಡ ಹೂಮರದ ಕತೆ, 1993ರಲ್ಲಿ ಅವರು ತೀರಿಕೊಂಡ ಬಳಿಕ, 1997ರಲ್ಲಿ ಪ್ರಕಟವಾದ ಅವರ ಕನ್ನಡ ಜನಪದ ಕತೆಗಳ ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟಿತು. ಬಡ ತಾಯಿಯ ಕಿರಿಮಗಳು ಒಂದು ಬಿಂದಿಗೆ ನೀರು ಸುರಿಸಿಕೊಂಡು ಮರವಾಗುತ್ತಾಳೆ, ಇನ್ನೊಂದು ಬಿಂದಿಗೆಯಿಂದ ಮತ್ತೆ ಹುಡುಗಿಯಾಗುತ್ತಾಳೆ. ನೀರಿಗೆ ಉಗುರು ತಾಗಬಾರದು. ಚಿಗುರು, ತೊಟ್ಟು ನೋಯದಂತೆ ಹೂ ಬಿಡಿಸಬೇಕು. ಅಕ್ಕ ಇದನ್ನೆಲ್ಲ ಪಾಲಿಸುತ್ತಾಳೆ. ಹೂ ಮಾರಿ ಮನೆ ನಡೆಯುತ್ತದೆ.

ರಾಜಕುಮಾರನೊಬ್ಬ ಆ ಕಿರಿಮಗಳನ್ನು ಮದುವೆಯಾದ ಮೇಲೆ ಅವನ ತಂಗಿ ಗೆಳತಿಯರೊಂದಿಗೆ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗೆಂದು ಕಾಡುತ್ತಾಳೆ. ಹುಡುಗಿಯರು ಹೂವಿಗೆ ಮುಗಿಬಿದ್ದು ಕೊಂಬೆ ಮುರಿಯುತ್ತಾರೆ, ಎರಡನೆಯ ಬಿಂದಿಗೆಯನ್ನು ಹೇಗೋ ಸುರಿದು ಓಡುತ್ತಾರೆ. ಉಳಿಯುವುದು ಕೈಕಾಲಿಲ್ಲದ ಮೊಂಡು ದೇಹ, ಚರಂಡಿಯಲ್ಲಿ. ಹತ್ತಿಯ ಬಂಡಿಯವನೊಬ್ಬ ಎತ್ತಿಕೊಂಡು ಹೋಗಿ ಇನ್ನೊಂದು ಊರಿಗೆ ಸೇರಿಸುತ್ತಾನೆ. ಅಲ್ಲಿಗೆ ಬಂದ ರಾಜಕುಮಾರ ಅವಳ ಗುರುತು ಹಿಡಿದು, ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ಸರಿಪಡಿಸಿ ಕಟ್ಟುತ್ತಾನೆ. ಮತ್ತೊಂದು ಬಿಂದಿಗೆಯ ನೀರಿಗೆ ಅವಳು ಇಡಿಯಾಗಿ ಏಳುತ್ತಾಳೆ.

ಸ್ವಾಂಪ್ ಥಿಂಗ್‌ನ ಕೈ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಅದರ ಬಲವೇ ಅದು. ಈ ಹುಡುಗಿ ಮರವಾದಾಗಲೇ ಅತ್ಯಂತ ಅಸಹಾಯಕಳು. ಅವಳ ಮನುಷ್ಯತನ ನೀರು ಸುರಿಯುವ ಕೈಗಳನ್ನು ಅವಲಂಬಿಸಿದೆ. ಅವಳನ್ನು ವಿಕಾರಗೊಳಿಸುವುದು ಸಸ್ಯತ್ವವಲ್ಲ, ಅವಸರದ ಆಸೆ.

ಗಿರೀಶ್ ಕಾರ್ನಾಡರು ಈ ಕತೆಯನ್ನು 1992ರಲ್ಲಿ ಸೋನಾಲಿ ಕುಲಕರ್ಣಿ ಅಭಿನಯದ ಹಿಂದಿ ಚಿತ್ರ ‘ಚೆಲುವಿ’ಯಾಗಿಸಿದಾಗ ಜನಪದ ಕತೆಯ ಸುಖಾಂತ್ಯವನ್ನು ಕೈಬಿಟ್ಟು, ಪರಿಸರ ನಾಶದ ದುಃಖವನ್ನು ಮುನ್ನೆಲೆಗೆ ತಂದರು. 2006ರಲ್ಲಿ ವಿಯೆನ್ನಾದಲ್ಲಿ ಮೊದಲು ಪ್ರದರ್ಶನಗೊಂಡ ಜಾನ್ ಆಡಮ್ಸ್‌ರ ಒಪೆರಾ ಇದೇ ಕತೆಯ ಹುಡುಗಿಗೆ ಕುಮುದಾ ಎಂಬ ಹೆಸರು ಕೊಟ್ಟು, ಮರಳಿ ಕೂಡುವ ಅಂತ್ಯವನ್ನು ಉಳಿಸಿಕೊಂಡಿತು.

ಸುಲೇಪೇಟದ ನೆಲದಿಂದ

ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಸೀಮೆಗೆ ಸಸ್ಯದೇಹವನ್ನು ಮುಟ್ಟುವವರ ಹೊಣೆಯ ಈ ಪ್ರಶ್ನೆ ಹತ್ತಿರದ್ದು. ಇಲ್ಲಿ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಚಿಂಚೋಳಿ ಕಾಡಿದೆ. ಅದೇ ಸೀಮೆಯಲ್ಲಿ ಶಹಾಬಾದಿನ ಪರಸಿ ಗಣಿಗಳಿವೆ, ಸೇಡಂ, ವಾಡಿಗಳ ಸಿಮೆಂಟು ಕಾರ್ಖಾನೆಗಳಿಗೆ ಸುಣ್ಣಕಲ್ಲು ಒದಗಿಸುವ ಅಗೆತವಿದೆ. ಬದುಕಿಗಾಗಿ ನೆಲದಿಂದ ತೆಗೆದುಕೊಳ್ಳುವುದು ತಪ್ಪೆಂದು ಕತೆ ಹೇಳುವುದಿಲ್ಲ. ಅಕ್ಕತಂಗಿಯರೂ ಹೂ ಮಾರಿಯೇ ಉಂಡವರು. ತೆಗೆದುಕೊಳ್ಳುವುದಕ್ಕೂ ಕ್ರಮವಿದೆ, ಮುರಿದದ್ದನ್ನು ಕಟ್ಟುವ ಕೆಲಸ ಮುರಿದ ಲೋಕಕ್ಕೇ ಸೇರಿದ್ದು ಎಂದು ಹೇಳುತ್ತದೆ.

ಆದ್ದರಿಂದ ಎರಡು ಕೆಲಸಗಳು ತುರ್ತಾಗಿ ಆಗಬೇಕು. ಸೇಡಂ-ಚಿಂಚೋಳಿ ಕಡೆಯ ಹೆಂಗಸರ ಕತೆಗಳನ್ನು ಅವರದೇ ಮಾತಿನಲ್ಲಿ ದಾಖಲಿಸಬೇಕು; ಹೂಮರದ ಕತೆಯನ್ನು ಮಕ್ಕಳ ಕೈಗೆ ಕನ್ನಡದ ಕಾಮಿಕ್ಸ್ ಪುಸ್ತಕವಾಗಿ ಕೊಡಬೇಕು. ಆ ಪುಸ್ತಕದಲ್ಲಿ ಹೆಚ್ಚು ಪುಟಗಳು ಸಲ್ಲಬೇಕಾದದ್ದು ಹುಡುಗಿ ಮರವಾಗುವ ಅಚ್ಚರಿಗಲ್ಲ, ಕೊಂಬೆಗಳನ್ನು ಒಂದೊಂದಾಗಿ ಕಟ್ಟುವ ನಿಧಾನದ ದುಡಿಮೆಗೆ. ಅಮೆರಿಕದ ದೈತ್ಯರಿಗೆ ಸಿಗದೇ ಹೋದ ದೃಶ್ಯ ಅದು, ಸಸ್ಯದೇಹಿಗಳ ಇತಿಹಾಸಕ್ಕೆ ಕನ್ನಡ ಸೇರಿಸಬಲ್ಲ ಅಧ್ಯಾಯವೂ ಅದೇ.