ನಗೆನಾಟಕವೂ ಮನೆಮಾತೂ

ನಗೆನಾಟಕವೆಂದರೆ ಹೊತ್ತು ಕಳೆಯುವ ಹಗುರ ವಸ್ತುವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಒಂದು ಜನ ತನ್ನ ಮನೆಮಾತನ್ನು ರಂಗದ ಮೇಲೆ ಕೇಳಿ ಗುರುತಿಸುವುದು ಬಹುಮಟ್ಟಿಗೆ ನಗೆಯ ಆಟದಲ್ಲಿಯೇ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಕನ್ನಡ ಕಲಿಸುವವರೂ ಕಲಿಯುವವರೂ ಇದನ್ನು ವಿಶೇಷವಾಗಿ ವಿಚಾರಿಸಬೇಕಾಗಿದೆ.

ಉತ್ತರ ಕರ್ನಾಟಕದ ದೊಡ್ಡಾಟವನ್ನು ನೋಡಿದವರು ಸಾರಥಿಯನ್ನು ಮರೆಯಲಾರರು. ರಾಜರು ಗ್ರಾಂಥಿಕ ಭಾಷೆಯಲ್ಲಿ ಗರ್ಜಿಸುತ್ತಿರುವಾಗ ಆತನು ಊರ ಮಾತಿನಲ್ಲಿ ಅವರನ್ನು ಪ್ರಶ್ನಿಸಿ ಜನರನ್ನು ನಗಿಸುತ್ತಾನೆ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯ ವೀರಣ್ಣನವರು 'ಸದಾರಮೆ'ಯ ಕಳ್ಳನ ಪಾತ್ರದಿಂದ ಮನೆಮಾತಾದುದೂ ಇದೇ ಬಗೆಯದು.

ಹೊಟ್ಟೆಪಾಡಿಗಲ್ಲದೆ ಪ್ರೀತಿಗಾಗಿ ನಾಟಕವಾಡುವ ಹವ್ಯಾಸಿಗಳ ಸಂಘವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 1918ರಲ್ಲಿ ಟಿ. ಪಿ. ಕೈಲಾಸಂ ಅವರ 'ಟೊಳ್ಳುಗಟ್ಟಿ' ಬಂದಿತು. ಪರೀಕ್ಷೆಯಲ್ಲಿ ಮುಂದಿರುವ ಮಗನೊಬ್ಬ, ಮನೆಯವರಿಗೆ ಆಸರೆಯಾಗುವ ಮಗನೊಬ್ಬ. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಅಲ್ಲಿಯ ಪ್ರಶ್ನೆ. ಕೈಲಾಸಂ ತಮಿಳು ಮನೆತನದವರು. ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಕಲಿತು ಬಂದವರು. ಬೆಂಗಳೂರಿನ ಮನೆಗಳಲ್ಲಿ ಆಡುತ್ತಿದ್ದ, ಇಂಗ್ಲಿಷು ಬೆರೆತ ಕನ್ನಡವನ್ನು ಇದ್ದಂತೆಯೇ ರಂಗಕ್ಕೆ ತಂದರು. ಆ ಬೆರಕೆ ಮಾತಿನ ನಾಟಕಕಾರರೇ 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಹವ್ಯಾಸಿಗಳು ಪರದೇಶದ ಹಾಸ್ಯವನ್ನೂ ಬಿಡಲಿಲ್ಲ. ಪರ್ವತವಾಣಿಯವರ 'ಬಹದ್ದೂರ್ ಗಂಡ' ಷೇಕ್ಸ್‌ಪಿಯರನಿಂದ ಬಂದುದು, ಎ. ಎನ್. ಮೂರ್ತಿರಾಯರ 'ಆಷಾಢಭೂತಿ' ಫ್ರೆಂಚ್ ಕವಿ ಮೋಲಿಯೇರನಿಂದ ಬಂದುದು. ಇವು ಕೇವಲ ಭಾಷಾಂತರಗಳಲ್ಲ, ರೂಪಾಂತರಗಳು. ಪಾತ್ರಗಳು ನಮ್ಮವರಾಗಿ, ನಮ್ಮ ಮಾತಿನಲ್ಲಿ ಜಗಳವಾಡಿದುದರಿಂದಲೇ ಅವು ಕನ್ನಡಿಗರಿಗೆ ಹಿಡಿಸಿದವು.

ಅಮೆರಿಕದ ಒಂದು ಉದಾಹರಣೆಯನ್ನು ನೋಡೋಣ. ಜಾರ್ಜ್ ಕಾಫ್‌ಮನ್ ಮತ್ತು ಮಾಸ್ ಹಾರ್ಟ್ ಎಂಬಿಬ್ಬರು ಬರೆದ 'ಯು ಕಾಂಟ್ ಟೇಕ್ ಇಟ್ ವಿತ್ ಯು' ಎಂಬ ಪ್ರಹಸನ 1936ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾಗಿ ಮರುವರ್ಷ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಸತ್ತಾಗ ಗಳಿಸಿದ್ದನ್ನು ಹೊತ್ತೊಯ್ಯಲಾಗದು ಎಂಬುದು ಹೆಸರಿನ ತಾತ್ಪರ್ಯ. ಒಂದೇ ಮನೆಯಲ್ಲಿ ತಾಯಿ ನಾಟಕ ಬರೆಯುತ್ತಾಳೆ; ಟೈಪ್‌ರೈಟರ್ ಒಂದು ತಪ್ಪಿ ಮನೆಗೆ ಬಂದುದಷ್ಟೇ ಅದಕ್ಕೆ ಕಾರಣ! ತಂದೆ ನೆಲಮಾಳಿಗೆಯಲ್ಲಿ ಪಟಾಕಿ ಮಾಡುತ್ತಾನೆ, ಹಿರಿಮಗಳು ಕುಣಿಯುತ್ತಾಳೆ. ಕಿರಿಮಗಳನ್ನು ಮೆಚ್ಚಿದ ಹುಡುಗನ ಶ್ರೀಮಂತ ತಂದೆತಾಯಿಗಳು ಗೊತ್ತುಮಾಡಿದ ದಿನಕ್ಕಿಂತ ಒಂದು ದಿನ ಮೊದಲೇ ಬಂದುಬಿಡುತ್ತಾರೆ. ರಂಗಕ್ಕೆ ಒಂದೇ ಕೋಣೆ ಸಾಕು. ಪಾತ್ರಗಳು ಸುಮಾರು ಇಪ್ಪತ್ತು. ಎಲ್ಲರಿಗೂ ಆಡಲು ಏನಾದರೂ ಉಂಟು. ಆದುದರಿಂದಲೇ ಅಲ್ಲಿಯ ಶಾಲೆಗಳೂ ಊರ ಹವ್ಯಾಸಿ ತಂಡಗಳೂ ಇಂದಿಗೂ ಇದನ್ನು ಆಡುತ್ತಿವೆ.

ಇದರಿಂದ ನಮಗೇನು ಪ್ರಯೋಜನವೆಂದು ಕೇಳಬಹುದು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ವಿಭಾಗವಾದಾಗ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಮಹಬೂಬನಗರ ಜಿಲ್ಲೆಯೊಡನೆ ನಾರಾಯಣಪೇಟೆ, ಮಕ್ತಲ್ ಸಹ ಅಲ್ಲಿಗೇ ಸೇರಿದವು. 2014ರ ಜೂನ್ 2ರಿಂದ ಇವೆಲ್ಲವೂ ತೆಲಂಗಾಣದಲ್ಲಿವೆ. ನಿಜಾಮರ ಕಾಲದ ಉರ್ದು, ನೆರೆಯ ತೆಲುಗು, ರಾಯಚೂರು ಕಡೆಯ ಕನ್ನಡ, ಇವು ಮೂರೂ ಬೆರೆತುದು ನಮ್ಮ ಮನೆಮಾತು. ಪಠ್ಯಪುಸ್ತಕದ ಕನ್ನಡವೇ ಬೇರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆ ಪುಸ್ತಕದ ಭಾಷೆಯನ್ನು ಬಾಯಿಪಾಠ ಮಾಡಿ ಒಪ್ಪಿಸುವುದನ್ನೂ, ತಾಯಿತಂದೆಗಳು ಸುಮ್ಮನೆ ಕೇಳಿ ಎದ್ದುಹೋಗುವುದನ್ನೂ ನಾವು ಎಷ್ಟೋ ಸಲ ಕಂಡಿದ್ದೇವೆ. ತಮ್ಮ ಮಾತು ಅಶುದ್ಧವೆಂದು ನಾಚಿದ ಮಗು ಮೆಲ್ಲಗೆ ಕನ್ನಡವನ್ನೇ ಬಿಡುತ್ತದೆ. ನಮ್ಮ ಕನ್ನಡ ತರಗತಿಗಳಿಗೆ ಒದಗಬಹುದಾದ ದೊಡ್ಡ ಹಾನಿ ಇದೇ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ಆ ಅಮೆರಿಕದ ನಾಟಕವನ್ನು ಅನುವಾದಿಸುವುದು ಬೇಡ. ಬೀಗರು ಒಂದು ದಿನ ಮೊದಲೇ ಬಂದರೆಂಬ ಸಂದರ್ಭವೊಂದನ್ನೇ ಮಕ್ಕಳ ಮುಂದಿಡಿರಿ. ನಾರಾಯಣಪೇಟೆಯ ನೇಕಾರರ ಮನೆ. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ. ಒಲೆಯ ಮೇಲೆ ಏನೂ ಇಲ್ಲ. "ಅಯ್ಯ, ನಾಳಿ ಬರೋರು ಇವತ್ತೇ ಬಂದಾರಲ್ರೀ!" ಎಂದು ಒಬ್ಬ ಹುಡುಗಿ ಕೂಗಲಿ. ಮುಂದಿನ ಮಾತುಗಳನ್ನು ಮಕ್ಕಳೇ ಕಟ್ಟುವರು. ಬಳಿಕ ಅವನ್ನು ಕನ್ನಡ ಅಕ್ಷರದಲ್ಲಿ ಬರೆಯಿಸಿರಿ. ಪುಸ್ತಕದ ಕನ್ನಡಕ್ಕೂ ಅದಕ್ಕೂ ಇರುವ ಭೇದವನ್ನು ಆಗ ಕಲಿಸಿರಿ. ಕೈಲಾಸಂ ಬೆಂಗಳೂರಿನ ಮನೆಮಾತಿಗೆ ದೊರಕಿಸಿದ ಗೌರವ ನಮ್ಮ ಸೀಮೆಯ ಮಾತಿಗೂ ದೊರೆಯಲಿ. ಹೆತ್ತವರು ಅದನ್ನು ಕೇಳಿ ನಕ್ಕರೆ, ಮಗುವನ್ನು ಮರುವರ್ಷವೂ ಕನ್ನಡ ತರಗತಿಗೆ ಕಳುಹಿಸಲು ಅವರಿಗೆ ಬೇರೆ ಉಪದೇಶ ಬೇಕಾಗಲಾರದು.