ಕೈಕೊಂಡ್ರಹಳ್ಳಿ ಕೆರೆ

ಬೆಂಗಳೂರಿನ ಪೂರ್ವಭಾಗದಲ್ಲಿ, ಸರ್ಜಾಪುರ ರಸ್ತೆಯ ಪಕ್ಕದಲ್ಲಿರುವ ಸುಮಾರು 48 ಎಕರೆ ವಿಸ್ತಾರದ ಕೆರೆ. ನಾಗರಿಕರ ಸಹಭಾಗಿತ್ವದಲ್ಲಿ ಪುನಶ್ಚೇತನಗೊಂಡದ್ದಕ್ಕೆ ಹೆಸರಾಗಿದೆ. ಇದರ ಕೋಡಿ ನೀರು ಸೌಳಕೆರೆಯ ಮೂಲಕ ಬೆಳ್ಳಂದೂರು ಕೆರೆಗೆ ಸೇರುತ್ತದೆ.

ಹಿಂದೆ ಸುತ್ತಲಿನ ಹಳ್ಳಿಗಳ ಬೇಸಾಯಕ್ಕೂ ದನಕರುಗಳಿಗೂ ಆಸರೆಯಾಗಿದ್ದ ಕೆರೆ ನಗರ ಬೆಳೆದಂತೆ ಕೊಳಚೆ, ಕಸ ಮತ್ತು ಹೂಳಿನಿಂದ ಹಾಳಾಯಿತು. 2009ರ ಸುಮಾರಿಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪುನಶ್ಚೇತನಕ್ಕೆ ಮುಂದಾದಾಗ ನಿವಾಸಿಗಳು, ಪರಿಸರ ತಜ್ಞರು ಯೋಜನೆಯ ಹಂತದಲ್ಲೇ ಕೈಜೋಡಿಸಿದರು. ಹೂಳೆತ್ತಿ, ಏರಿ ಭದ್ರಪಡಿಸಿ, ಕೊಳಚೆಯನ್ನು ಬೇರೆಡೆಗೆ ತಿರುಗಿಸಲಾಯಿತು. ಹಕ್ಕಿಗಳಿಗಾಗಿ ನಡುಗಡ್ಡೆ, ನಡಿಗೆ ಪಥ, ಬಯಲು ರಂಗಮಂದಿರ ನಿರ್ಮಾಣವಾದವು.

ನಿರ್ವಹಣೆಯಲ್ಲಿ ನಿವಾಸಿಗಳು ಕಟ್ಟಿಕೊಂಡ ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಪಾಲಿಕೆಯೊಂದಿಗೆ ಕೆಲಸ ಮಾಡಿದೆ. ಹಳೆಯ ಬಳಕೆದಾರರನ್ನು ಹೊರಗಿಡದಿರುವುದು ಇಲ್ಲಿನ ವೈಶಿಷ್ಟ್ಯ: ವಾಯುವಿಹಾರಿಗಳು ನಡೆಯುವ ದಂಡೆಯಲ್ಲೇ ದನ ಸಾಕುವವರು ಹುಲ್ಲು ಕೊಯ್ಯುತ್ತಾರೆ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳೂ ರಂಗಮಂದಿರ ಬಳಸುತ್ತಾರೆ. ಮೇಲ್ಭಾಗದ ಬಡಾವಣೆಗಳಿಂದ ಹರಿದು ಬರುವ ಕೊಳಚೆ ಮಾತ್ರ ನಿರಂತರ ಸವಾಲು.