ಹುಡುಗ ಬೇಕೆಂದವರ ಮನೆಗೆ ಬಂದ ಆನ್

ಓದುಗರ ಮನಸ್ಸನ್ನು ಬೆಚ್ಚಗಾಗಿಸುವ ಕಾದಂಬರಿ ಎಂದೇ ಜಗತ್ತಿಗೆ ಪರಿಚಿತವಾದ ‘ಆನ್ ಆಫ್ ಗ್ರೀನ್ ಗೇಬಲ್ಸ್’ ಶುರುವಾಗುವುದು ಶುದ್ಧ ದುಡಿಮೆಯ ಲೆಕ್ಕಾಚಾರದಿಂದ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಅವನ್ಲೀ ಎಂಬ ಕಲ್ಪಿತ ಊರು. ಅಲ್ಲಿ ಮದುವೆಯಾಗದೆ ಉಳಿದ ಅಣ್ಣ-ತಂಗಿ, ಮ್ಯಾಥ್ಯೂ ಮತ್ತು ಮರಿಲ್ಲಾ ಕತ್‌ಬರ್ಟ್. ಅಣ್ಣನಿಗೆ ಅರವತ್ತಾಗಿದೆ, ಹೃದಯದ ತೊಂದರೆ ಬೇರೆ. ಹೊಲದ ಕೆಲಸಕ್ಕೆ ಕೈ ಬೇಕು. ಅನಾಥಾಲಯದಿಂದ ಒಬ್ಬ ಹುಡುಗನನ್ನು ಕಳಿಸಿ ಎಂದು ಹೇಳಿಕಳಿಸುತ್ತಾರೆ. ಸ್ಟೇಷನ್ನಿನಲ್ಲಿ ಕಾಯುತ್ತಾ ಕೂತಿದ್ದವಳು ಮಾತ್ರ ಹನ್ನೊಂದು ವರ್ಷದ, ಕೆಂಪು ಕೂದಲಿನ, ಒಂದು ಗಳಿಗೆಯೂ ಬಾಯಿ ಮುಚ್ಚದ ಹುಡುಗಿ.

ಇದು ಲೇಖಕಿ ಲೂಸಿ ಮಾಡ್ ಮಾಂಟ್ಗೊಮರಿ ಗಾಳಿಯಲ್ಲಿ ಕಟ್ಟಿದ ಸನ್ನಿವೇಶವಲ್ಲ. ಹುಡುಗನನ್ನು ಕೇಳಿದ ವೃದ್ಧ ದಂಪತಿಗೆ ತಪ್ಪಿ ಹುಡುಗಿ ಬಂದಳು ಎಂಬ ಎಳೆಯನ್ನು ಅವರು ಎಂದೋ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಅನಾಥ ಮಕ್ಕಳನ್ನು ದುಡಿಮೆಗೆಂದು ಮನೆಗೆ ತರುವುದು ಆ ಕಾಲದ ಕೆನಡಾದಲ್ಲಿ ಯಾರೂ ಹುಬ್ಬೇರಿಸದ ರೂಢಿ.

ರೂಢಿಯ ದೊಡ್ಡ ಹರಿವು ಬ್ರಿಟನ್ನಿನಿಂದ ಬರುತ್ತಿತ್ತು. 1869ರಲ್ಲಿ ಮರಿಯಾ ರೈ ಎಂಬಾಕೆ ಹಡಗಿನಲ್ಲಿ ಬಡಮಕ್ಕಳನ್ನು ಕರೆತಂದಲ್ಲಿಂದ ಆರಂಭ. 1882ರಿಂದ ಡಾಕ್ಟರ್ ಬರ್ನಾರ್ಡೊ ಸಂಸ್ಥೆಯೂ ಸೇರಿಕೊಂಡಿತು. ಕೆಲವು ದಶಕಗಳಲ್ಲಿ ಹೀಗೆ ಸಮುದ್ರ ದಾಟಿದ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. ಎಲ್ಲರೂ ಅನಾಥರಲ್ಲ, ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು, ಸಾಕುವ ಶಕ್ತಿ ಇರಲಿಲ್ಲ ಅಷ್ಟೆ. ಗಂಡುಮಕ್ಕಳು ಹೊಲಕ್ಕೆ, ಹೆಣ್ಣುಮಕ್ಕಳು ಅಡುಗೆಮನೆಗೆ. ಕೆಲವರಿಗೆ ನಿಜವಾದ ಮನೆ ಸಿಕ್ಕಿತು, ಹಲವರಿಗೆ ಸಿಕ್ಕಿದ್ದು ಬರೀ ದುಡಿತ. ಮಕ್ಕಳನ್ನು ಒಪ್ಪಿಸಿದ ಮೇಲೆ ತಿರುಗಿ ನೋಡುವವರೇ ಇಲ್ಲವೆಂದು ಬ್ರಿಟಿಷ್ ಸರ್ಕಾರ ಕಳಿಸಿದ ಆಂಡ್ರೂ ಡಾಯ್ಲ್ 1875ರ ವರದಿಯಲ್ಲೇ ಎಚ್ಚರಿಸಿದ್ದರು.

ಕಾದಂಬರಿಗೆ ಈ ಲೋಕ ಚೆನ್ನಾಗಿ ಗೊತ್ತು. ಬರ್ನಾರ್ಡೊ ಹುಡುಗರ ಮಾತು ಬಂದಾಗ ಮರಿಲ್ಲಾ ಖಡಾಖಂಡಿತವಾಗಿ ಬೇಡವೆನ್ನುತ್ತಾಳೆ. ಹುಡುಗ ಕೆನಡಾದಲ್ಲೇ ಹುಟ್ಟಿದವನಾಗಿರಬೇಕು. ಆನ್ ಕೂಡ ಅಲ್ಲಿಗೆ ಬರುವ ಮೊದಲು ಎರಡು ಮನೆಗಳಲ್ಲಿ ಬೇರೆಯವರ ಕೂಸುಗಳನ್ನು ಎತ್ತಿ ಆಡಿಸಿ ಸವೆದವಳು. ಕಥೆಯ ನಿಜವಾದ ತಿರುವು ಆರನೆಯ ಅಧ್ಯಾಯದಲ್ಲಿದೆ. ಹುಡುಗಿಯನ್ನು ಹಿಂದಕ್ಕೆ ಕಳಿಸಲು ಹೊರಟ ಮರಿಲ್ಲಾಗೆ, ಮಿಸೆಸ್ ಬ್ಲುವೆಟ್ ಎಂಬ ಜಿಪುಣಿ ಆ ಮಗುವನ್ನು ಕೆಲಸಕ್ಕಿಟ್ಟುಕೊಳ್ಳಲು ತುದಿಗಾಲಲ್ಲಿ ನಿಂತಿರುವುದು ಕಾಣುತ್ತದೆ. ಬಿಳಿಚಿಕೊಂಡ ಹುಡುಗಿಯ ಮುಖ ನೋಡಿ ಮರಿಲ್ಲಾ ಮನಸ್ಸು ಬದಲಿಸುತ್ತಾಳೆ. ಆನ್ ತನ್ನ ಸಹಪಾಠಿ ಗಿಲ್ಬರ್ಟನ ತಲೆಯ ಮೇಲೆ ಸ್ಲೇಟು ಒಡೆದು ಶುರುವಾಗುವ, ಮುಂದೆ 1917ರ ಕಾದಂಬರಿಯಲ್ಲಿ ಮದುವೆಗೆ ಮುಟ್ಟುವ ಪ್ರೇಮಕಥೆ ಎಷ್ಟೇ ಮುದ್ದಾಗಿರಲಿ, ಈ ಒಂದು ದೃಶ್ಯದ ತೂಕ ಅದಕ್ಕಿಲ್ಲ.

ಮಾಂಟ್ಗೊಮರಿಯ ಬಾಳೂ ಸಾಕಿದವರ ನೆರಳಲ್ಲೇ ಕಳೆಯಿತು. 1874ರಲ್ಲಿ ಹುಟ್ಟಿದ ಅವರಿಗೆ ಎರಡು ತುಂಬುವ ಮುನ್ನವೇ ತಾಯಿ ಇಲ್ಲವಾದರು. ಕ್ಯಾವೆಂಡಿಷ್ ಎಂಬ ಹಳ್ಳಿಯಲ್ಲಿ ತಾಯಿಯ ತಂದೆತಾಯಿ ಸಾಕಿದರು. ಆ ಮನೆಯೇ ಊರಿನ ಅಂಚೆ ಕಚೇರಿ. ಹಾಗಾಗಿ ಹಸ್ತಪ್ರತಿ ಹೋದದ್ದೂ ತಿರಸ್ಕೃತವಾಗಿ ಬಂದದ್ದೂ ಊರವರ ಕಣ್ಣಿಗೆ ಬೀಳಲಿಲ್ಲ. ಹಲವು ಪ್ರಕಾಶಕರು ಬೇಡವೆಂದ ಕಾದಂಬರಿ ಟೋಪಿಯ ಡಬ್ಬಿಯಲ್ಲಿ ಕೆಲಕಾಲ ಬಿದ್ದಿತ್ತು. 1908ರಲ್ಲಿ ಬಾಸ್ಟನ್ನಿನ ಎಲ್. ಸಿ. ಪೇಜ್ ಸಂಸ್ಥೆ ಅಚ್ಚು ಹಾಕಿದ ಮೇಲೆ ಐದೇ ತಿಂಗಳಲ್ಲಿ 19,000ಕ್ಕೂ ಹೆಚ್ಚು ಪ್ರತಿ ಖರ್ಚಾದವು. ಅಷ್ಟಾದರೂ ಲೇಖಕಿ ಊರು ಬಿಡಲಿಲ್ಲ. 1906ರಲ್ಲೇ ಪಾದ್ರಿ ಈವನ್ ಮೆಕ್‌ಡೊನಾಲ್ಡ್ ಜೊತೆ ಮದುವೆ ನಿಶ್ಚಯವಾಗಿದ್ದರೂ, ಅಜ್ಜಿ ಕಣ್ಮುಚ್ಚುವವರೆಗೆ, ಅಂದರೆ 1911ರವರೆಗೆ, ಮದುವೆಯಾಗಲಿಲ್ಲ.

ಆನ್‌ಳ ಮನೆಗೆ ಮಾದರಿಯಾದ ಕ್ಯಾವೆಂಡಿಷ್‌ನ ಕಟ್ಟಡ 1937ರಲ್ಲಿ ರಾಷ್ಟ್ರೀಯ ಉದ್ಯಾನದ ಪಾಲಾಯಿತು. ಪ್ರವಾಸಿಗರು ಇಂದಿಗೂ ಸಾಲುಗಟ್ಟಿ ಬರುತ್ತಾರೆ, ಕೆಂಪು ಜಡೆ ಹೊಲಿದ ಹುಲ್ಲಿನ ಟೋಪಿ ಕೊಳ್ಳುತ್ತಾರೆ. ಮರಿಲ್ಲಾ ಬೇಡವೆಂದ ಆ ಹಡಗಿನ ಮಕ್ಕಳಿಗೆ ಲೆಕ್ಕ ಸಲ್ಲಲು ತುಂಬಾ ತಡವಾಯಿತು. ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಕ್ಷಮೆ ಕೇಳಿದ್ದು 2010ರಲ್ಲಿ, ಕೆನಡಾದ ಹೌಸ್ ಆಫ್ ಕಾಮನ್ಸ್ ಕ್ಷಮೆ ಕೋರಿದ್ದು 2017ರಲ್ಲಿ.